ಮೂರನೇ ಜಾಗದ ಇಂಟು

ಜನವರಿ 8, ಭಾನುವಾರ. ಬೆಳಿಗ್ಗೆ 10

ಎಣಿಕೆ ಆಯಿತು. ಏಳರವರೆಗೆ ಮಂಜು, ಆಮೇಲೆ ಬಿಸಿಲು. ನಾಮದ ಕೋಳಿ 212. ಗುಳುಮುಳುಕ 31. ನೀರುಕಾಗೆ 17. ಬೆಳ್ಳಕ್ಕಿ 9. ರಾಟೆ ×.

ಹೊಸಬನೊಬ್ಬ ಸೇರಿದ್ದಾನೆ. ಮೆಡಿಕಲ್ ಶಾಪ್ ಇಟ್ಟಿರುವವನು. ಪಾಠ ಹೇಳುವ ಪಾಳಿ ಇವತ್ತು ನನ್ನದು. ಕೆರೆಗೆ ಮೂರು ಜಾಗ ಎಂದೆ. ಒಂದನೆಯದು ಗೇಟು, ಎರಡನೆಯದು ಪಂಪ್‌ಹೌಸ್, ಮೂರನೆಯದು ಜೊಂಡಿನ ಮೂಲೆ, ಅದು ಯಾವಾಗಲೂ ನನ್ನದು. ಒಬ್ಬೊಬ್ಬರು ಒಂದೊಂದು ಜಾಗದಲ್ಲಿ ನಿಲ್ಲುತ್ತೇವೆ, ಮಾತಾಡುವ ಹಾಗಿಲ್ಲ. ಹಾಳೆಯಲ್ಲಿ ಸಂಖ್ಯೆ ಬರೆದರೆ ಎಣಿಸಿದ್ದು. ಸೊನ್ನೆ ಬರೆದರೆ ಪೂರ್ತಿ ಹೊತ್ತು ನಿಂತರೂ ಸಿಗಲಿಲ್ಲ ಎಂದು. ಖಾಲಿ ಬಿಟ್ಟರೆ ಆ ದಿನ ಯಾರೂ ಬರಲಿಲ್ಲ ಎಂದು. ಇಂಟು ಹಾಕಿದರೆ — ಹಕ್ಕಿ ಇದೆ, ಆದರೆ ಎಷ್ಟು ಅಂತ ಎಣಿಸಲಾಗಲಿಲ್ಲ ಎಂದು.

"ಅಕ್ಕ, ಇಂಟು ಅಂದ್ರೆ ತಪ್ಪು ಅಂತ ಅಲ್ವಾ?"

"ಅದು ಸ್ಕೂಲಲ್ಲಿ. ಇಲ್ಲಿ ಇದೆ ಅಂತ."

ಮೇಷ್ಟ್ರು ನಕ್ಕರು. ಹೆಡ್‌ಮಾಸ್ಟರ್ ಆಗಿ ರಿಟೈರ್ ಆದವರು, ಗುಂಪು ಕಟ್ಟಿದವರು. ಎಪ್ಪತ್ತು ದಾಟಿದರೂ ಯಾರಾದರೂ ಪಾಠ ಹೇಳುತ್ತಿದ್ದರೆ ಪಕ್ಕದಲ್ಲಿ ಇನ್‌ಸ್ಪೆಕ್ಟರ್ ಹಾಗೆ ನಿಂತಿರುತ್ತಾರೆ. ನನ್ನನ್ನು ತೋರಿಸಿ, "ಇವರು ನಮ್ಮ ಗುಂಪಿನ ಕಿವಿ ಕಣಯ್ಯ. ರಾಟೆ ಈ ಕೆರೇಲಿದೆ ಅಂತ ಮೊದಲು ಕಂಡುಹಿಡಿದದ್ದೇ ಇವರು. ಕಂಡುಹಿಡಿದದ್ದಲ್ಲ, ಕೇಳಿಹಿಡಿದದ್ದು," ಎಂದರು. ಹನ್ನೊಂದು ವರ್ಷದಿಂದ ಇದೇ ಜೋಕು.

ರಾಟೆ ಎನ್ನುವುದು ನಾವಿಟ್ಟ ಹೆಸರು. ಪುಸ್ತಕದ ಹೆಸರು ಉದ್ದ. ಕಂದು ಬಣ್ಣ, ಹೆಬ್ಬೆರಳಿನಷ್ಟು. ಜೊಂಡಿನೊಳಗಿಂದ ಹೊರಗೆ ಬರುವುದೇ ಇಲ್ಲ. ನಸುಕಿನಲ್ಲಿ ಸಣ್ಣ ದನಿಯಲ್ಲಿ, ಉಸಿರೇ ಬಿಡದೆ, ರಾಟೆ ತಿರುಗಿಸಿದ ಹಾಗೆ ಕೂಗುತ್ತದೆ. ಕಿವಿಯಿಂದಲೇ ಎಣಿಸಬೇಕು.

ಜನವರಿ 18, ಬುಧವಾರ

ಹಲ್ಲು ಕಟ್ಟುವ ಲ್ಯಾಬಿನಲ್ಲಿ ಎರಡು ಫುಲ್ ಸೆಟ್, ಒಂದು ಕ್ಯಾಪ್. ಮುದುಕರೊಬ್ಬರದು, ಹಳೇ ಸೆಟ್ಟನ್ನೇ ನೋಡಿ ಹೊಸದು ಮಾಡಿ, ನನ್ನ ನಗು ಬದಲಾಗಬಾರದು ಎಂದು ಡಾಕ್ಟರ ಹತ್ತಿರ ಬರೆಸಿ ಕಳಿಸಿದ್ದಾರೆ. ಹಳೇ ಸೆಟ್ಟು ನಗುವ ಹಾಗೇನೂ ಇರಲಿಲ್ಲ. ಮಾಡಿಕೊಟ್ಟೆ.

ಮಧ್ಯಾಹ್ನ ಫರ್ನೇಸಿನ ಬೀಪ್ ಆಗಿದೆ, ನಾನು ಎದ್ದಿಲ್ಲ. ಪಕ್ಕದ ಟೇಬಲಿನವಳು ಬಂದು ಆಫ್ ಮಾಡಿದಳು.

"ಯೋಚನೆ ಎಲ್ಲಿದೆ ಮೇಡಂ?"

"ಕೆರೆ ಹತ್ರ," ಎಂದೆ. ನಂಬಿದಳು. ಹಕ್ಕಿ ಹುಚ್ಚು ಎಂದರೆ ಯಾರು ಏನನ್ನು ಬೇಕಾದರೂ ನಂಬುತ್ತಾರೆ.

ಜನವರಿ 24, ಮಂಗಳವಾರ. ಸಂಜೆ

ಕೆರೆ ಗೇಟಿಗೆ ನೋಟೀಸ್ ಅಂಟಿಸಿದ್ದಾರೆ. ಮೇಷ್ಟ್ರು ಫೋಟೋ ಕಳಿಸಿದರು, ಆಮೇಲೆ ಫೋನ್ ಮಾಡಿ ಅದನ್ನೇ ಓದಿ ಹೇಳಿದರು. ಕೆರೆ ಅಭಿವೃದ್ಧಿ. ಸುತ್ತ ನಡೆಯುವ ದಾರಿ, ಬೆಂಚು, ದೀಪ. "ಮೂರನೇ ಬದಿಯ ಜೊಂಡು ಪೂರ್ತಿ ತೆರವು."

"ಅಲ್ಲಮ್ಮಾ, ಜೊಂಡು ತೆಗೆದ್ರೆ ರಾಟೆ ಎಲ್ಲಿ ಹೋಗುತ್ತೆ? ಸುತ್ತಮುತ್ತ ಇನ್ನೆಲ್ಲೂ ಜೊಂಡೇ ಇಲ್ಲ."

ಇಲ್ಲ ಎಂದೆ. ನಿಜವೇ, ಬೇರೆಲ್ಲೂ ಇಲ್ಲ.

"ಬೆಂಚ್ ಹಾಕ್ತಾರಂತೆ. ಕೂತ್ಕೊಂಡು ಏನ್ ನೋಡೋದು, ಎದುರಿನ ಬೆಂಚಾ?"

ಸೋಮವಾರ ನೋಟೀಸ್ ಹಾಕಿದವರ ಆಫೀಸಿಗೆ ಹೋಗುವುದು ಎಂದಾಯಿತು. ನಾನು ಅರ್ಧ ದಿನ ರಜೆ ಕೇಳಬೇಕು.

ಜನವರಿ 30, ಸೋಮವಾರ. ರಾತ್ರಿ ಊಟಕ್ಕೆ ಮೊದಲು

ಎರಡನೇ ಮಹಡಿ. ನಾಲ್ಕು ಕುರ್ಚಿ, ಅದರಲ್ಲಿ ಒಂದರ ಮೇಲೆ ಫೈಲು. ಎಂಜಿನಿಯರ್ ಹೆಂಗಸು, ನಲವತ್ತರ ಆಸುಪಾಸು. ಜಗಳಕ್ಕೆಂದು ತಯಾರಾಗಿ ಹೋಗಿದ್ದ ಮೇಷ್ಟ್ರಿಗೆ ಮೊದಲು ನಿರಾಸೆ ಆಯಿತು. ಆಯಮ್ಮ ಎದ್ದು ನಿಂತು ಕುರ್ಚಿ ಮೇಲಿನ ಫೈಲು ತೆಗೆದು, ಕೂತ್ಕೊಳ್ಳಿ ಎಂದರು. ನಮ್ಮ ಗುಂಪು ವರ್ಷವರ್ಷ ಕಳಿಸುವ ಎಣಿಕೆ ಹಾಳೆಗಳನ್ನೆಲ್ಲ ಮುಂದಿಟ್ಟುಕೊಂಡಿದ್ದರು. ಓದಿದ್ದರು ಕೂಡ. ಅಲ್ಲಲ್ಲಿ ಪೆನ್ಸಿಲ್ ಗೆರೆ.

"ನಾನು ನೋಡದೇ ಮಾಡಿಲ್ಲ ಸರ್. ನಿಮ್ಮ ಲೆಕ್ಕ ನೋಡ್ಕೊಂಡೇ ಪ್ಲಾನ್ ಮಾಡಿದ್ದು. ಗೇಟ್ ಕಡೆ ಹಕ್ಕಿ ಜಾಸ್ತಿ, ಅದನ್ನ ಮುಟ್ಟಿಲ್ಲ. ಈ ಮೂರನೇ ಬದೀಲಿ ರಾಟೆ ಅಂತ ಒಂದಿತ್ತು. ಮೂರು ವರ್ಷದಿಂದ ಅದೂ ಇಲ್ಲ. ನೋಡಿ, ಪ್ರತೀ ವಾರ ಇಂಟು ಹಾಕಿದ್ದೀರಿ."

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಮೇಷ್ಟ್ರು ತೊಡೆ ತಟ್ಟಿಕೊಂಡು ನಗಲು ಶುರುಮಾಡಿದರು. ಮೆಡಿಕಲ್ ಶಾಪಿನವನೂ ನಕ್ಕ. ನಾನೂ ಸ್ವಲ್ಪ.

"ಇಂಟು ಅಂದ್ರೆ ಇದೆ ಅಂತ ತಾಯಿ! ಇದೆ, ಎಣಿಸೋಕಾಗ್ಲಿಲ್ಲ ಅಂತ."

"ಇಂಟು ಅಂದ್ರೆ ಇಲ್ಲ ಅಂತ ಅಲ್ವಾ? ನಮಗೆ ಸ್ಕೂಲಲ್ಲಿ ಹಾಗೇ ಹಾಕ್ತಿದ್ರು."

"ಹಾಕ್ತಿದ್ದೋನು ನಾನೇ. ಮೂವತ್ತೈದು ವರ್ಷ ಹಾಕಿದ್ದೀನಿ. ಇದು ಬೇರೆ ಇಂಟು."

ಎಂಜಿನಿಯರ್ ನಗಲಿಲ್ಲ. ಹಾಳೆಗಳನ್ನು ಮತ್ತೊಮ್ಮೆ ತಿರುವಿದರು. ಅವರ ಮುಖ ಕೆಂಪಾಯಿತು — ತಪ್ಪು ಓದಿದ್ದಕ್ಕೆ. ಆಮೇಲೆ ಕೇಳಿದರು: "ಸರಿ. ಇದೆ ಅಂತ ಹೇಳೋರು ಯಾರು?"

ಎಲ್ಲರೂ ನನ್ನ ಕಡೆ ನೋಡಿದರು.

"ಇದೆ," ಎಂದೆ.

"ನೀವೇ ಕಿವಿಯಾರೆ ಕೇಳಿದ್ದೀರಾ?"

"ಹೂಂ."

ಆಯಮ್ಮ ಯೋಚಿಸಿ ಹೇಳಿದರು: "ನನಗೆ ಬರೀ ಇಂಟು ಸಾಲದು. ಮಾರ್ಚ್ 26, ಭಾನುವಾರ, ನಾನೇ ಬರ್ತೀನಿ. ನಿಂತು ಕೇಳೋಣ. ನಾನೊಬ್ಬಳು, ನಿಮ್ಮೋರು ಇಬ್ಬರು. ದೂರ ದೂರ ನಿಂತು, ಅವರವರು ಕೇಳಿದ್ದನ್ನ ಚೀಟೀಲಿ ಬರೆಯೋದು. ಮೂರರಲ್ಲಿ ಎರಡು ಚೀಟೀಲಿ ಹಕ್ಕಿ ಇದ್ರೆ ಜೊಂಡಿಗೆ ಕೈ ಹಚ್ಚಲ್ಲ, ದಾರೀನ ಬಳಸಿ ತಗೊಂಡು ಹೋಗ್ತೀನಿ. ಇಲ್ಲ ಅಂದ್ರೆ ಏಪ್ರಿಲ್‌ನಲ್ಲಿ ಮೆಷಿನ್ ಇಳಿಯುತ್ತೆ. ಆಗಬಹುದಾ?"

"ಆಗಬಹುದು," ಎಂದರು ಮೇಷ್ಟ್ರು. "ನಮ್ಮ ಕಡೆಯಿಂದ ಈ ಹುಡುಗ, ಮತ್ತೆ ನಮ್ಮ ಕಿವಿ. ನಾನು ಬೇಡ. ನನಗೆ ರಾಟೆ ಕೇಳೋದು ನಿಂತು ಎಂಟು ವರ್ಷ ಆಯ್ತು. ವಯಸ್ಸು ನೋಡಿ."

ಎಷ್ಟು ಸುಲಭವಾಗಿ ಹೇಳಿಬಿಟ್ಟರು. ಹತ್ತಿದ ಬಸ್ಸು ತಪ್ಪಾಗಿತ್ತು ಎಂದು ಹೇಳುವಷ್ಟು ಸುಲಭವಾಗಿ.

ಜನವರಿ 31, ಮಂಗಳವಾರ

ಬರೆದುಬಿಡುತ್ತೇನೆ. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆಯುವುದು ಅತಿಯಾಯಿತು.

ನನಗೆ ರಾಟೆ ಕೇಳಿಸುವುದಿಲ್ಲ. ಮೂರು ವರ್ಷದ ಹಿಂದೆ, ಜನವರಿಯ ಒಂದು ಭಾನುವಾರ, ಕೇಳಿಸಲಿಲ್ಲ. ಗಾಳಿ ಇದೆ ಎಂದುಕೊಂಡು ಇಂಟು ಹಾಕಿದೆ. ಹೋದ ವಾರ ಐದಿತ್ತು, ಈ ವಾರ ಎಲ್ಲಿಗೆ ಹೋಗುತ್ತೆ ಎನ್ನುವ ಧೈರ್ಯ. ಮುಂದಿನ ವಾರ ನೆಗಡಿ. ಅದರ ಮುಂದಿನ ವಾರ ಗಾಳಿಯೂ ಇರಲಿಲ್ಲ, ನೆಗಡಿಯೂ ಇರಲಿಲ್ಲ. ಆಗಲೂ ಇಂಟು.

ಮನೆಗೆ ಬಂದು ಫೋನಿನಲ್ಲಿ ರಾಟೆಯ ರೆಕಾರ್ಡಿಂಗ್ ಹಾಕಿದೆ. ಪರದೆ ಮೇಲೆ ಗೆರೆ ಕುಣಿಯುತ್ತಿತ್ತು. ಕಿಟಕಿಯಲ್ಲಿ ಮಲಗಿದ್ದ ಪಕ್ಕದ ಮನೆಯ ಬೆಕ್ಕು ಎದ್ದು ಕೂತು ಫೋನನ್ನೇ ನೋಡಿತು. ನನಗೆ ಏನೂ ಇಲ್ಲ. ಇಪ್ಪತ್ತೆಂಟು ವರ್ಷ ಲ್ಯಾಬಿನಲ್ಲಿ ಕಿವಿಯ ಪಕ್ಕದಲ್ಲೇ ಗ್ರೈಂಡರ್ ತಿರುಗಿದೆ. ಸಣ್ಣ ದನಿಗಳನ್ನೆಲ್ಲ ಅದು ಅರೆದು ಮುಗಿಸಿದೆ. ದಪ್ಪ ದನಿ ಚೆನ್ನಾಗಿಯೇ ಕೇಳುತ್ತದೆ. ಮಾತು, ಬಸ್ಸು, ಮೇಷ್ಟ್ರು ಎಲ್ಲ.

ಅವತ್ತೇ ಹೇಳಬಹುದಿತ್ತು. ಕಿವಿ ಎಂದು ಕರೆಸಿಕೊಂಡವಳಿಗೆ ಅದೊಂದೇ ಹೇಳಲಾಗಲಿಲ್ಲ. ಹಳೇ ಹಾಳೆ ತೆಗೆದು ಲೆಕ್ಕ ಹಾಕಿದೆ. 151 ಇಂಟು. ಆಫೀಸಿನವರು ತಪ್ಪು ಓದಿದರು ಎಂದು ನಕ್ಕೆವಲ್ಲ. ಸರಿಯಾಗಿ ಓದಿದವರು ಅವರೊಬ್ಬರೇ ಇರಬಹುದು.

ಇನ್ನೊಂದು. ರಾಟೆ ಈಗಲೂ ಅಲ್ಲಿದೆಯಾ ಎನ್ನುವುದೇ ನನಗೆ ಗೊತ್ತಿಲ್ಲ.

ಫೆಬ್ರವರಿ 5, ಭಾನುವಾರ

ನಾಮದ ಕೋಳಿ 188. ಗುಳುಮುಳುಕ 26. ನೀರುಕಾಗೆ 20. ರಾಟೆ ×.

ಬೇರೇನು ಹಾಕಲಿ.

ಫೆಬ್ರವರಿ 18, ಶನಿವಾರ

ಮೆಡಿಕಲ್ ಶಾಪಿನವನು ಫೋನ್ ಮಾಡಿದ್ದ. ಒಂದು ದಿನ ಮೂರನೇ ಜಾಗಕ್ಕೆ ಬರುತ್ತೇನೆ, ರಾಟೆಯ ದನಿ ಕಲಿಸಿಕೊಡಿ ಅಕ್ಕ ಎಂದ. ರೆಕಾರ್ಡಿಂಗ್ ಕೇಳಿಕೋ, ಜಾಗದಲ್ಲಿ ಇಬ್ಬರು ನಿಂತರೆ ಹಕ್ಕಿ ಹೆದರುತ್ತದೆ ಎಂದೆ. ಒಳ್ಳೆಯ ಹುಡುಗ, ಒಪ್ಪಿಕೊಂಡ. ಅವನ ಕಿವಿ ಮೇಲೆ ಹೂವಿಟ್ಟ ಹಾಗಾಯಿತು.

ಸಂಜೆ ಮನೆಯಲ್ಲಿ ಇವರಿಗೆ ಹೇಳಿದೆ, ನಾಳೆ ಕೆರೆಗೆ ಬನ್ನಿ ಎಂದು. ಇವರು ಲಿಫ್ಟ್ ಮೆಕ್ಯಾನಿಕ್. ವಾರವೆಲ್ಲ ಜನರನ್ನು ಮೇಲೆ ಕೆಳಗೆ ಕಳಿಸಿ, ಭಾನುವಾರ ಹತ್ತರವರೆಗೆ ತಾವು ಅಡ್ಡಡ್ಡ ಮಲಗುವವರು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬಂದಿಲ್ಲ.

"ನಾನ್ಯಾಕೆ?"

"ಥರ್ಮಾಸ್ ಹೊರೋಕೆ."

"ಥರ್ಮಾಸ್ ಅರ್ಧ ಕೆಜಿ ಇಲ್ವಲ್ಲೇ."

ಆದರೂ ಅಲಾರಂ ಇಟ್ಟರು.

ಫೆಬ್ರವರಿ 19, ಭಾನುವಾರ. ಮಧ್ಯಾಹ್ನ

ಆರಕ್ಕೆ ಮೊದಲೇ ತಲುಪಿದೆವು. ಇವರು ದಿಬ್ಬದ ಮೇಲೆ ಕಲ್ಲು ಒರೆಸಿ ಕೂತರು. ನಾನು ಪಕ್ಕದಲ್ಲಿ ನಿಂತೆ. ಜೊಂಡು ಅಲುಗಾಡುತ್ತಿರಲಿಲ್ಲ. ಹತ್ತು ನಿಮಿಷ ಕಾದು ಕೇಳಿದೆ:

"ಏನಾದ್ರೂ ಕೇಳ್ತಿದೆಯಾ ನಿಮಗೆ?"

"ಎಲ್ಲಾ ಕೇಳ್ತಿದೆ. ನಿನಗೆ ಯಾವುದು ಬೇಕು?"

"ಜೊಂಡಿನ ಒಳಗಿಂದ."

"ಜೊಂಡಲ್ಲಿ ಯಾವ ಹಕ್ಕೀನೂ ಇಲ್ಲ. ಒಂದು ಹುಳ ಕೂಗ್ತಿದೆ ಅಷ್ಟೇ."

ಇವರ ಕಡೆ ತಿರುಗಿದೆ. "ಎಂಥ ಹುಳ?"

"ಮಿಡತೆ ಥರ. ಬೇರಿಂಗ್ ಒಣಗಿದ್ರೆ ಬರುತ್ತಲ್ಲ, ಹಾಗೆ ಸಣ್ಣಗೆ. ನಾವು ಬಂದಾಗಿಂದ ಬಿಟ್ಟೇ ಇಲ್ಲ. ಗ್ರೀಸ್ ಹಾಕಬೇಕು ಅದಕ್ಕೆ."

ಮೋಟಾರಿನ ಸದ್ದು ಕೇಳಿಯೇ ರೋಗ ಹೇಳುವವರು. ಎಷ್ಟು ಕಡೆಯಿಂದ ಎಂದು ಕೇಳಿದೆ. ತಲೆ ವಾಲಿಸಿ, ಕಣ್ಣು ಮುಚ್ಚಿ, ಕೈ ಚಾಚಿ ತೋರಿಸಿದರು. ಇಲ್ಲೊಂದು. ಅಲ್ಲಿ, ಮುರಿದ ದೋಣಿಯ ಹತ್ತಿರ ಒಂದು. ನಾನು ದಿಬ್ಬ ಇಳಿದು ದೋಣಿಯ ಕಡೆ ಹೋಗಿ ಚಪ್ಪಾಳೆ ತಟ್ಟಿದೆ. ತಿರುಗಿ ನೋಡಿದರೆ ಇವರು ಕೈಯಾಡಿಸುತ್ತಿದ್ದರು: ನಿಂತಿತು. ಜೊಂಡಿನ ಬುಡದಲ್ಲಿ ಕಂದು ಬಣ್ಣದ್ದೊಂದು ಪುಟ್ಟದು, ಇಲಿ ಓಡಿದ ಹಾಗೆ, ಸರಕ್ಕನೆ ಒಳಗೆ ಹೋಯಿತು. ಮಿಡತೆ ಅಲ್ಲ.

ಇದೆ. ಇದೆ. ಇದೆ. ಮೂರು ವರ್ಷ ಬರೆದದ್ದು ಸುಳ್ಳಾದರೂ ಸುಳ್ಳಾಗಲಿಲ್ಲ. ಅಳು ಬಂತು. ಅತ್ತೆ.

ಮೇಲೆ ಬಂದಾಗ ಇವರು ಟೀ ಬಗ್ಗಿಸಿ ಕೊಟ್ಟರು. ನನಗೆ ರಾಟೆ ಕೇಳಿಸುವುದಿಲ್ಲ ಎಂದು ನಾನೇ ಹೇಳಿದೆ.

"ಗೊತ್ತು," ಎಂದರು.

"ಏನು ಗೊತ್ತು?"

"ಮನೆ ಬೆಲ್ ಬದಲಾಯಿಸಿದ್ದು ಯಾಕೆ ಅಂದ್ಕೊಂಡೆ? ಹಳೇದು ಚೆನ್ನಾಗೇ ಇತ್ತು. ಟಿಣ್ ಅಂದ್ರೆ ನೀನು ಏಳ್ತಿರಲಿಲ್ಲ. ಬರ್ರ್ ಅನ್ನೋದು ತಂದು ಹಾಕಿದೆ."

ಎರಡು ವರ್ಷ ಆಯಿತು ಆ ಬೆಲ್ ಹಾಕಿ. ಎಂಥ ಕೆಟ್ಟ ಸದ್ದು, ಎಮ್ಮೆ ಗೊರಕೆ ಹೊಡೆದ ಹಾಗೆ ಎಂದು ಎಷ್ಟು ಬೈದಿದ್ದೇನೆ ಇವರನ್ನು.

ಹೇಗೆ ಕೂಗುತ್ತಿದೆ ಈಗ ಎಂದು ಕೇಳಿದೆ. ಇವರು ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನಗೆ ಕೇಳುವಂಥ ದಪ್ಪ ದನಿಯಲ್ಲಿ ನಾಲಿಗೆ ಆಡಿಸಿ ಕೂಗಿ ತೋರಿಸಿದರು. ಅಷ್ಟು ಚೆನ್ನಾಗಿರಲಿಲ್ಲ. ಇನ್ನೊಮ್ಮೆ ಎಂದೆ. ಇನ್ನೊಮ್ಮೆ ಕೂಗಿದರು.

ಹಾಳೆಯಲ್ಲಿ ×. ಇವತ್ತಿನದು ಅರ್ಧ ನಿಜ.

ಮಾರ್ಚ್ 3, ಶುಕ್ರವಾರ

ಉಪಾಯ ಮಾಡಿದ್ದೇನೆ. 26ರಂದು ಇವರು ದಿಬ್ಬದ ಮೇಲೆ ಕೂರುವುದು. ಎಷ್ಟು ಕೇಳುತ್ತದೋ ಅಷ್ಟು ಬೆರಳು ಮೊಣಕಾಲಿನ ಮೇಲಿಡುವುದು. ನಾನು ನೋಡಿ ಬರೆಯುವುದು. ಹಕ್ಕಿ ಇರುವುದಂತೂ ನಿಜ. ಯಾರ ಕಿವಿ ಆದರೇನು.

ಇವರಿಗೆ ಇಷ್ಟವಿಲ್ಲ.

"ಆಗಲ್ಲ ಅಂತ ಹೇಳಿಬಿಡೋದಲ್ವಾ? ಮೇಷ್ಟ್ರು ಹೇಳಿದ ಹಾಗೆ."

"ಮೇಷ್ಟ್ರು ಇಂಟು ಹಾಕಿಲ್ಲ. ನಾನು ಹಾಕಿದ್ದೀನಿ. ಈಗ ಹೇಳಿದ್ರೆ ಮೂರು ವರ್ಷದ್ದೆಲ್ಲ ಬಿದ್ದುಹೋಗುತ್ತೆ. ನಮ್ಮ ಲೆಕ್ಕವನ್ನೇ ಯಾರೂ ನಂಬಲ್ಲ."

"ನಾನು ಕೇಳಿದ್ದನ್ನ ನೀನು ಕೇಳಿದೆ ಅಂತ ಬರೀತೀಯ. ಸರಿ. ನಾನು ಬರದೇ ಇದ್ದ ದಿನ ಏನ್ ಬರೀತೀಯ?"

ಬನ್ನಿ ಎಂದೆ. ಬರದೇ ಇರಬೇಡಿ ಎಂದೆ.

ಮಾರ್ಚ್ 12, ಭಾನುವಾರ

ತಾಲೀಮು. ಮೊಣಕಾಲಿನ ಮೇಲೆ ಎರಡು ಬೆರಳು. ರಾಟೆ 2 ಎಂದು ಬರೆದೆ. ಮೂರು ವರ್ಷದಲ್ಲಿ ಮೊದಲ ಸಂಖ್ಯೆ.

ಮೇಷ್ಟ್ರು ಹಾಳೆ ನೋಡಿ ಹಿಗ್ಗಿದರು. ಒಂಬತ್ತು ಗಂಟೆಗೆ ಗುಂಪಿನವರಿಗೆಲ್ಲ ಮೆಸೇಜ್: "ಕಿವಿ ಎರಡು ಹಿಡಿದಿದ್ದಾರೆ! ಇಂಟು ಹೋಗಿ ಅಂಕಿ ಬಂತು!" ಹನ್ನೆರಡು ಜನ ಹೆಬ್ಬೆರಳು ಎತ್ತಿದ್ದಾರೆ. ಸಂತೋಷ ಆಗಬೇಕಿತ್ತು.

ಮಾರ್ಚ್ 19, ಭಾನುವಾರ. ಸಂಜೆ 5

ಬೆಳಿಗ್ಗೆ ಐದಕ್ಕೆ ಇವರಿಗೆ ಕರೆ ಬಂತು. ಯಾವುದೋ ಕಟ್ಟಡದ ಏಳನೇ ಮಹಡಿಯಲ್ಲಿ ಲಿಫ್ಟ್ ನಿಂತಿದೆ, ಒಳಗೆ ಒಬ್ಬರಿದ್ದಾರೆ. ಓಡಿದರು. ಒಬ್ಬಳೇ ಕೆರೆಗೆ ಹೋದೆ.

ಒಂದು ಗಂಟೆ ನಿಂತೆ. ಜೊಂಡು ಅಲುಗಾಡುತ್ತಿತ್ತು, ಸದ್ದಿಲ್ಲದ ಟೀವಿ ಹಾಗೆ. ಹಾಳೆ ತುಂಬಿಸುವ ಹೊತ್ತಿಗೆ ಕೈ ನಿಲ್ಲಲಿಲ್ಲ — ರಾಟೆ 2.

ಬಸ್ಸಿನಲ್ಲಿ ಬರುವಾಗ ಹಾಳೆ ತೆಗೆದು ಮತ್ತೆ ನೋಡಿದೆ. ಇಷ್ಟು ದಿನ ನನ್ನ ಮರ್ಯಾದೆಯದೇ ಚಿಂತೆ. ಇವತ್ತು ಬೇರೆ ಹೊಳೆಯಿತು. ನಿನ್ನೆ ರಾತ್ರಿ ಬೆಕ್ಕು ಬಂದು ಎರಡನ್ನೂ ತಿಂದಿದ್ದರೂ ನಾನು ಎರಡು ಎಂದೇ ಬರೆಯುತ್ತಿದ್ದೆ. ಮುಂದಿನ ವರ್ಷ ರಾಟೆ ಪೂರ್ತಿ ಬಿಟ್ಟುಹೋದರೂ ನನ್ನ ಹಾಳೆಯಿಂದ ಬಿಟ್ಟುಹೋಗುವುದಿಲ್ಲ. ಹಕ್ಕಿ ಹೋದದ್ದು ಈ ಲೋಕದಲ್ಲಿ ಯಾರಿಗಾದರೂ ಮೊದಲು ಗೊತ್ತಾಗಬೇಕಾದರೆ ಅದು ಮೂರನೇ ಜಾಗದಲ್ಲಿ ನಿಂತವರಿಗೆ. ಅಲ್ಲಿ ನಿಂತವಳು ನಾನು.

ಜೊಂಡು ಕಡಿಯುವವರು ಬಂದು ಕಡಿದು ಹೋಗುತ್ತಾರೆ, ಕಾಣುತ್ತದೆ. ನಾನು ಮಾಡುತ್ತಿರುವುದು ಕಾಣುವುದೂ ಇಲ್ಲ.

ಮಾರ್ಚ್ 23, ಗುರುವಾರ

ಮೇಷ್ಟ್ರ ಮನೆಗೆ ಹೋಗಿದ್ದೆ, ಹೇಳಿಬಿಡೋಣ ಎಂದು. ಅವರ ಹೆಂಡತಿ ಬಾಗಿಲು ತೆಗೆದರು. ಊಟದ ಮೇಜಿನ ತುಂಬ ಕೆರೆಯ ನಕ್ಷೆ, ಬಣ್ಣದ ಪೆನ್ಸಿಲ್. ಜೊಂಡಿನ ಭಾಗಕ್ಕೆ ಹಸಿರು ಬಳಿದಿದ್ದರು, ಗೆರೆಯಿಂದ ಹೊರಗೆ ಹೋಗದ ಹಾಗೆ.

"ವಾರದಿಂದ ನಮಗೆ ಊಟ ನೆಲದ ಮೇಲೆ," ಎಂದರು ಅವರ ಹೆಂಡತಿ.

"ನೋಡಮ್ಮಾ," ಎಂದರು ಮೇಷ್ಟ್ರು, "ಹುಡುಗ ಹೊಸಬ, ಹೆದರಿ ಹೆಚ್ಚುಕಮ್ಮಿ ಬರೀಬಹುದು. ಆಯಮ್ಮನಿಗೆ ಅಭ್ಯಾಸ ಇಲ್ಲ, ಹುಳ ಅಂದ್ಕೊಂಡು ಸೊನ್ನೆ ಹಾಕಬಹುದು. ಗ್ಯಾರಂಟಿ ಇರೋದು ನಿನ್ನದೊಂದೇ ಚೀಟಿ. ನಿನ್ನ ಮೇಲೇ ನಿಂತಿದೆ ಎಲ್ಲಾ."

ಬಾಯಿ ಬಿಟ್ಟರೆ ಬಣ್ಣಗೇಡು. ಬಿಡಲಿಲ್ಲ. ಎರಡು ಬಿಸ್ಕತ್ತು ತಿಂದು ಬಂದೆ.

ಮೆಡಿಕಲ್ ಶಾಪಿಗೆ ಹೋದೆ ಆಮೇಲೆ. ತಲೆನೋವಿನ ಮಾತ್ರೆ ಬೇಕಿತ್ತು. ಗಿರಾಕಿ ಇರಲಿಲ್ಲ. ಕೌಂಟರಿನ ಹಿಂದೆ ನಿಂತು ಇಯರ್‌ಫೋನ್ ಹಾಕಿಕೊಂಡಿದ್ದ. "ರಾಟೆನೇ ಅಕ್ಕ. ದಿನಕ್ಕೆ ನಲವತ್ತು ಸಲ ಕೇಳ್ತಿದ್ದೀನಿ. ಹೆಂಡ್ತಿ ಬೈತಾಳೆ." ಹುಳಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಿದ. ಹೇಳಿದೆ — ಹುಳ ಒಂದೇ ಕಡೆಯಿಂದ ಕೂಗುತ್ತದೆ, ರಾಟೆ ತಲೆ ತಿರುಗಿಸುತ್ತಾ ಕೂಗುವುದರಿಂದ ದನಿ ಹತ್ತಿರ ಬಂದು ದೂರ ಹೋದ ಹಾಗೆ ಇರುತ್ತದೆ. ನೆನಪಿನಿಂದ ಹೇಳಿದೆ. ಬರೆದುಕೊಂಡ.

ಅಷ್ಟಾದರೂ ಮಾಡಿದೆ.

ಮಾರ್ಚ್ 25, ಶನಿವಾರ

ಬರೆಯುವಂಥದ್ದೇನಿಲ್ಲ. ಶೂ ಒಣಗಿಸಿದೆ.

ಮಾರ್ಚ್ 26, ಭಾನುವಾರ. ಬೆಳಿಗ್ಗೆ 11

ಕ್ರಮವಾಗಿ ಬರೆಯುತ್ತೇನೆ.

5.50. ಎಂಜಿನಿಯರ್ ಬಂದರು, ಕ್ಯಾನ್ವಾಸ್ ಶೂ, ಕೈಯಲ್ಲಿ ಮೂರು ಚೀಟಿ, ಮೂರು ಪೆನ್ಸಿಲ್. ಯಾವ ಚೀಟಿ ಯಾರದೆಂದು ತಿಳಿಯಬಾರದೆಂದು ಒಂದೇ ಥರದ ಪೆನ್ಸಿಲ್. ಹೆಸರು ಬರೆಯುವುದು ಬೇಡ, ಬರೀ ಅಂಕಿ ಎಂದರು. ಗಾಳಿ ಇಲ್ಲ.

6.05. ಇಪ್ಪತ್ತು ಇಪ್ಪತ್ತು ಹೆಜ್ಜೆ ದೂರದಲ್ಲಿ ಮೂವರು. ಎಡಕ್ಕೆ ಎಂಜಿನಿಯರ್, ನಡುವೆ ಹುಡುಗ, ಬಲಕ್ಕೆ ನಾನು. ಮೇಷ್ಟ್ರು ಹಿಂದೆ, ಗಡಿಯಾರ ಹಿಡಿದು. ಇವರು ದಿಬ್ಬದ ಮೇಲೆ ಥರ್ಮಾಸ್ ಜೊತೆ. ಯಾರೂ ಇವರನ್ನು ಗಮನಿಸಲಿಲ್ಲ. ಥರ್ಮಾಸ್ ಇದ್ದವರನ್ನು ಯಾರೂ ಸಂಶಯ ಪಡುವುದಿಲ್ಲ.

6.12. ಮೊಣಕಾಲಿನ ಮೇಲೆ ಒಂದು ಬೆರಳು.

6.15. ಎರಡು.

6.20. ಹುಡುಗ ಕಣ್ಣು ಮುಚ್ಚಿದ್ದ. ಎಂಜಿನಿಯರ್ ಮುಖ ಗಂಟು ಹಾಕಿಕೊಂಡು ಜೊಂಡನ್ನೇ ನೋಡುತ್ತಿದ್ದರು, ಅರ್ಥವಾಗದ ಫೈಲು ನೋಡಿದ ಹಾಗೆ. ಹುಳ ಎಂದುಕೊಂಡರೋ ಏನೋ. ನನಗೆ ತಿಳಿಯುವ ದಾರಿ ಇರಲಿಲ್ಲ.

6.27. ಇವರ ಮೂರನೇ ಬೆರಳು. ಅದನ್ನು ಎತ್ತುವ ಮೊದಲು ತುಂಬ ಹೊತ್ತು ತಲೆ ವಾಲಿಸಿದ್ದರು. ಖಾತ್ರಿ ಇಲ್ಲದೆ ಇವರು ಎತ್ತುವವರಲ್ಲ. ಮೂರು ಎಂದರೆ ಮೂರೇ.

ಚೀಟಿ ಅಂಗೈಯಲ್ಲಿತ್ತು. ಜೊಂಡಿನ ಕಡೆ ಕಿವಿ ಕೊಟ್ಟೆ, ಇದ್ದಷ್ಟು ಕಿವಿಯನ್ನೆಲ್ಲ ಕೊಟ್ಟೆ. ನನ್ನ ಉಸಿರು ಕೇಳಿತು. ಪಂಪ್‌ಹೌಸಿನ ಆಚೆ ಒಂದು ಲಾರಿ. ಒಂದು ನಾಮದ ಕೋಳಿ. ಮತ್ತೆ ಏನೂ ಇಲ್ಲ. ಇದ್ದದ್ದು ಅಷ್ಟೇ.

ಮೂರು ಬರೆದಿದ್ದರೆ ಹಕ್ಕಿಯ ಮಟ್ಟಿಗೆ ಸರಿ ಇರುತ್ತಿತ್ತು. 0 ಬರೆದೆ. ಹುಡುಗನೋ ಆಯಮ್ಮನೋ, ಒಬ್ಬರು ಸೊನ್ನೆ ಬರೆದಿದ್ದರೂ ಜೊಂಡಿಗೆ ಮಣ್ಣು ಹಾಕಿದವಳು ನಾನೇ ಆಗುತ್ತಿದ್ದೆ, ಇದು ಗೊತ್ತಿದ್ದೇ ಬರೆದೆ. ಭಯವಾಯಿತು. ಧೈರ್ಯ ಗೀರ್ಯ ಏನಿರಲಿಲ್ಲ. ಮಡಚಿದೆ.

6.35. ಮೇಷ್ಟ್ರು ಚೀಟಿ ಕೂಡಿಸಿ ಎಂಜಿನಿಯರ್ ಕೈಗೆ ಕೊಟ್ಟರು.

"ಮೊದಲು ನಂದು ಹೇಳ್ತೀನಿ," ಎಂದರು ಎಂಜಿನಿಯರ್. "ನಾನು ಎರಡು ಬರೆದೆ. ಮಿಡತೆ ಇರಬೇಕು ಅಂತ ಮೊದಲು ಬಿಟ್ಟುಬಿಟ್ಟಿದ್ದೆ. ಆಮೇಲೆ ದನಿ ಹತ್ತಿರ ಬಂದು ದೂರ ಹೋಯ್ತು. ಮಿಡತೆ ಹಾಗೆ ಮಾಡಲ್ಲ." ಇನ್ನೊಂದು ಬಿಡಿಸಿದರು. "ಇದರಲ್ಲಿ ಮೂರಿದೆ."

ಹುಡುಗ ತುಟಿ ಕಚ್ಚಿಕೊಂಡ. ಅವನದೇ.

"ಎರಡು ಚೀಟಿ ಆಯ್ತಲ್ಲ ಸರ್. ಜೊಂಡು ಇರ್ಲಿ. ದಾರೀನ ಆ ಕಡೆಯಿಂದ ತಗೋತೀನಿ. ನಾಳೆ ಬರೆದು ಕಳಿಸ್ತೀನಿ."

ಇಷ್ಟೇ. ಟೀಗೆ ಸಕ್ಕರೆ ಬೇಡ ಎಂದ ಹಾಗೆ ಹೇಳಿ ಮುಗಿಸಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಹುಡುಗ ನನ್ನ ಕಡೆ ಬಂದು, "ಅಕ್ಕ, ನೀವು ಹೇಳಿಕೊಟ್ಟ ಹಾಗೇ ಇತ್ತು, ಹತ್ತಿರ ಬಂದು ದೂರ ಹೋಗೋದು," ಎಂದ. ಇವರು ದಿಬ್ಬದ ಮೇಲೆ ಎದ್ದು ನಿಂತಿದ್ದರು. ಜೊಂಡು ಉಳಿಯಿತು. ಖುಷಿಯಾಯಿತು, ನಿಜವಾಗಿ ಖುಷಿಯಾಯಿತು.

ಎಂಜಿನಿಯರ್ ಮೂರನೇ ಚೀಟಿಗೆ ಕೈ ಹಾಕಿದರು. ಮೇಷ್ಟ್ರು ಬೇಡ ಎಂದು ಕೈಯಾಡಿಸಿದರು.

"ಅದನ್ನ ನೋಡೋದೇ ಬೇಡ ತಾಯಿ. ಅದು ನಮ್ಮ ಕಿವೀದು. ಅದರಲ್ಲಿ ನಾಲ್ಕಿದ್ರೂ ಆಶ್ಚರ್ಯ ಇಲ್ಲ."

ಎಲ್ಲರೂ ನಕ್ಕರು. ಆಯಮ್ಮ ಸರಿ ಎಂದು ಚೀಟಿಯನ್ನು ಹಾಗೇ ಫೈಲಿನೊಳಗೆ ಸೇರಿಸಲು ಹೋದರು. ಮಡಚಿದ್ದು ಮಡಚಿದ ಹಾಗೇ ಇರುತ್ತಿತ್ತು. ಎರಡನೇ ಮಹಡಿಯ ಕಪಾಟಿನಲ್ಲಿ, ಯಾರೂ ತೆಗೆಯುತ್ತಿರಲಿಲ್ಲ. ಮುಂದಿನ ಭಾನುವಾರ ನಾನು ಮತ್ತೆ ಮೂರನೇ ಜಾಗದಲ್ಲಿ.

"ಬಿಡಿಸಿ," ಎಂದೆ.

ಆಯಮ್ಮ ನನ್ನ ಮುಖ ನೋಡಿದರು.

"ಬಿಡಿಸಿ ನೋಡಿ ಮೇಡಂ."

ಬಿಡಿಸಿದರು. ನೋಡಿದರು. ಮೇಷ್ಟ್ರ ಕೈಗೆ ಕೊಟ್ಟರು. ಮೇಷ್ಟ್ರು ಚೀಟಿ ಹಿಂದೆ ಮುಂದೆ ತಿರುಗಿಸಿದರು, ಬೇರೆಲ್ಲಾದರೂ ಅಂಕಿ ಇದೆಯಾ ಎಂದು ಹುಡುಕುವ ಹಾಗೆ.

"ಇದೇನಮ್ಮಾ ಸೊನ್ನೆ? ಇವತ್ತು ಕೇಳ್ಲಿಲ್ವಾ ನಿನಗೆ?"

ಇವರು ದಿಬ್ಬ ಇಳಿದು ಬರುತ್ತಿದ್ದರು. ಅವಸರ ಮಾಡುತ್ತಿರಲಿಲ್ಲ. ಹತ್ತು ಹೆಜ್ಜೆ ಇತ್ತು ಇನ್ನೂ. ಕಾಯಲಿಲ್ಲ. ಹೇಳಿದೆ: ಮೇಷ್ಟ್ರೇ, ಇವತ್ತಲ್ಲ, ಮೂರು ವರ್ಷದಿಂದ ಕೇಳ್ತಿಲ್ಲ.